ಎಸ್‌ಎಸಿಡಿ ಅಂತ ಹೇಳಿ ರೈಟ್ ಮಾಡಿದ ಸಿಡಿ ಕೊಟ್ಟ, 9,500 ಹೋಯ್ತು

ಸಿಟ್ಟಲ್ಲೇ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆದರೆ ಹೊಟ್ಟೆಗೆ ಹಾಕಿಕೊಳ್ಳಿ. ಐದು ಡಿಸ್ಕಿಗೆ 9,500 ರೂಪಾಯಿ ಕೊಟ್ಟೆ. ಐದಕ್ಕೆ ಐದೂ ಡೂಪ್ಲಿಕೇಟ್.

ಹೋದ ವರ್ಷ ಸೆಕೆಂಡ್ ಹ್ಯಾಂಡ್ ಎಸ್‌ಎಸಿಡಿ ಪ್ಲೇಯರ್ ತಗೊಂಡಿದ್ದೆ. ಎಸ್‌ಎಸಿಡಿ ಅಂದರೆ ಸೂಪರ್ ಆಡಿಯೊ ಸಿಡಿ, ಮಾಮೂಲಿ ಸಿಡಿಗಿಂತ ಹೆಚ್ಚು ವಿವರವಾಗಿ ಧ್ವನಿ ತುಂಬಿದ ಡಿಸ್ಕ್. ಸೋನಿ, ಫಿಲಿಪ್ಸ್ ಸೇರಿ 1999ರಲ್ಲಿ ತಂದದ್ದು, ನಮ್ಮ ಕಡೆ ಸಿಗೋದೇ ಕಷ್ಟ. ನನ್ನ ಹತ್ತಿರ ಇದ್ದದ್ದು ಒಂದೇ ಒಂದು ಒರಿಜಿನಲ್. ಹೀಗಿರುವಾಗ ವಾಟ್ಸ್‌ಆ್ಯಪ್‌ನಲ್ಲಿ ಸಿಕ್ಕವನೊಬ್ಬ "ಏನೇನು ತಗೋಬೇಕು ನಾನು ಹೇಳ್ತೀನಿ ಸರ್, ನೀವು ಕಲೆಕ್ಷನ್ ಶುರು ಮಾಡಿ ಅಷ್ಟೇ" ಅಂದ. ಲಿಸ್ಟೂ ಕೊಟ್ಟ. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರ್, ಒಂದು ವೀಣೆ, ಎರಡು ಜಾಝ್. ನನ್ನ ರುಚಿ ನೋಡಿಯೇ ಗಾಳ ಹಾಕಿದ್ದ. ಮನ್ಸೂರರದ್ದು ಎಸ್‌ಎಸಿಡಿಯಲ್ಲಿ ಯಾರು ತಂದರು, ಯಾವಾಗ ತಂದರು ಅಂತ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. "ಸಿಡಿಗಿಂತ 64 ಪಟ್ಟು ಸರ್" ಅಂದದ್ದಕ್ಕೇ ಮರುಳಾದೆ. ಆ 64 ಸುಳ್ಳಲ್ಲ, ಸ್ಯಾಂಪ್ಲಿಂಗ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಧ್ವನಿ ಅಳೆಯುತ್ತಾರೆ ಅನ್ನೋದು, ಅಷ್ಟು ಜಾಸ್ತಿ ನಿಜ. ಆದರೆ ಒಂದು ಸ್ಯಾಂಪಲ್ಲಿಗೆ 16 ಬಿಟ್ ಬದಲು ಒಂದೇ ಬಿಟ್. ಲೆಕ್ಕ ಹಾಕಿದರೆ ಡೇಟಾ ನಾಲ್ಕೇ ಪಟ್ಟು. ಇದೆಲ್ಲ ನನಗೆ ಗೊತ್ತಿತ್ತು ನೋಡಿ, ಅದೇ ಹೊಟ್ಟೆ ಉರಿಯೋದು.

ಭಾನುವಾರ ಭಾವನನ್ನು ಕರೆದೆ. ಕಾಫಿ ಕೊಟ್ಟು, ಕುರ್ಚಿ ಸರಿಯಾದ ಜಾಗಕ್ಕೆ ಎಳೆದು, "ಈಗ ಕೇಳಿ ಭಾವ, ತಂಬೂರಿ ಪಕ್ಕದಲ್ಲೇ ಇದ್ದ ಹಾಗಿರುತ್ತೆ" ಅಂದೆ. ಎರಡು ನಿಮಿಷ ಕಣ್ಣು ಮುಚ್ಚಿ ತಲೆ ಬೇರೆ ಆಡಿಸಿದೆ. ಭಾವ ಕನ್ನಡಕ ಏರಿಸಿಕೊಂಡು ಪ್ಲೇಯರ್ ಕಡೆ ಬಗ್ಗಿದರು. "ಅಲ್ಲಯ್ಯ, ಇದರಲ್ಲಿ ಬರೀ ಸಿಡಿ ಅಂತ ಬರ್ತಿದೆಯಲ್ಲ?"

ಹೌದು. ಸಿಡಿ ಅಂತಲೇ ಇತ್ತು. ಹೈಬ್ರಿಡ್ ಡಿಸ್ಕ್, ಅಂದರೆ ಸಿಡಿ, ಎಸ್‌ಎಸಿಡಿ ಎರಡೂ ಪದರ ಇರೋದು, ಇರಬೇಕು ಅಂತ ರಿಮೋಟಿನ ಲೇಯರ್ ಬಟನ್ ಹತ್ತು ಸಲ ಒತ್ತಿದೆ. ಸಿಡಿ. ನನ್ನ ಹಳೇ ಒರಿಜಿನಲ್ ಹಾಕಿದೆ, ತಕ್ಷಣ ಎಸ್‌ಎಸಿಡಿ ಅಂತ ಬಂತು. ಮತ್ತೆ ಇವನದ್ದು ಹಾಕಿದೆ. ಸಿಡಿ. ಆಮೇಲೆ ಡಿಸ್ಕ್ ತೆಗೆದು ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿದರೆ ಹಿಂಬದಿ ತೆಳು ನೀಲಿ. ನಾವು ಕಾಲೇಜಿನಲ್ಲಿ ಹತ್ತು ರೂಪಾಯಿಗೆ ತರ್ತಿದ್ದ ಖಾಲಿ ಸಿಡಿ, ಅದೇ ಬಣ್ಣ! ಭಾವ ಏನೂ ಅನ್ನಲಿಲ್ಲ. "ಕಾಫಿ ಚೆನ್ನಾಗಿತ್ತು" ಅಂದರು.

ಅವನಿಗೆ ಮೆಸೇಜ್ ಮಾಡಿದೆ. ಉತ್ತರಗಳು ಹೀಗಿವೆ:

"ಸರ್ ನಿಮ್ಮ ಪ್ಲೇಯರ್ ಹಳೇದು, ಲೆನ್ಸ್ ಕ್ಲೀನ್ ಮಾಡಿಸಿ."

ಒರಿಜಿನಲ್ ಡಿಸ್ಕ್ ಓದ್ತಿರೋ ವಿಡಿಯೊ ಕಳಿಸಿದೆ.

"ಕೇಬಲ್ ಪ್ರಾಬ್ಲಂ ಇರುತ್ತೆ ಸರ್. ನನ್ನ ಹತ್ರ ಒಳ್ಳೇ ಕೇಬಲ್ ಇದೆ, 4,500."

ಓದಿದಿರಾ? ಮೋಸ ಹೋದವನಿಗೆ ಕೇಬಲ್ ಮಾರೋಕೆ ಬಂದ! ಡಿಸ್‌ಪ್ಲೇಗೂ ಸ್ಪೀಕರ್ ಕೇಬಲ್ಲಿಗೂ ಏನಪ್ಪ ಸಂಬಂಧ ಅಂದರೆ, "ಕಿವಿಗೆ ಚೆನ್ನಾಗಿ ಕೇಳಿಸ್ತಿದೆ ತಾನೆ ಸರ್, ಹೆಸರು ಯಾವುದಾದ್ರೆ ಏನು" ಅಂದ. ದುಡ್ಡು ವಾಪಸ್ ಕೇಳಿದೆ. ನೀಲಿ ಟಿಕ್ ಬಂತು, ಅಷ್ಟೇ.

ಕಿವಿಗೂ ಚೆನ್ನಾಗಿರಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು. ಒಂದು ಹಾಡನ್ನು ಕಂಪ್ಯೂಟರಿಗೆ ಹಾಕಿ ಅಡಾಸಿಟಿ ಅನ್ನೋ ಆಡಿಯೊ ಸಾಫ್ಟ್‌ವೇರಿನಲ್ಲಿ ಸ್ಪೆಕ್ಟ್ರೋಗ್ರಾಂ ನೋಡಿದೆ, ಅಂದರೆ ಯಾವ ಯಾವ ಕಂಪನಾಂಕದ ಧ್ವನಿ ಇದೆ ಅಂತ ತೋರಿಸೋ ಚಿತ್ರ. 16 ಕಿಲೋಹರ್ಟ್ಸ್ ಹತ್ತಿರ ಸ್ಕೇಲ್ ಇಟ್ಟು ಕತ್ತರಿಸಿದ ಹಾಗೆ ಎಲ್ಲ ಖಾಲಿ. ಸಿಡಿಯಲ್ಲೇ 22ರ ಹತ್ತಿರದವರೆಗೆ ಜಾಗ ಇರುತ್ತೆ. ಅಂದರೆ ಎಲ್ಲೋ ಸಿಕ್ಕ 128 ಕೆಬಿಪಿಎಸ್‌ನ, ಮೇಲಿನ ಧ್ವನಿ ಕತ್ತರಿಸಿ ಚಿಕ್ಕದು ಮಾಡಿದ ಎಂಪಿ3 ತಂದು ಸಿಡಿಗೆ ತುಂಬಿದ್ದಾನೆ. ಅಂಥದ್ದಕ್ಕೆ ನಾನು ತಲೆ ಆಡಿಸಿದ್ದು.

ತಗೊಳ್ಳೋರು ದಯವಿಟ್ಟು ಡಿಸ್ಕಿನ ಹಿಂಬದಿ ಫೋಟೊ ಕೇಳಿ. ನೀಲಿ, ನೇರಳೆ, ಹಸಿರು ಛಾಯೆ ಕಂಡರೆ ಬಿಟ್ಟುಬಿಡಿ. ಪ್ಲೇಯರಲ್ಲಿ ಹಾಕಿ ಡಿಸ್‌ಪ್ಲೇ ಕಾಣೋ ಹಾಗೆ ವಿಡಿಯೊ ಕೇಳಿ. ಎಸ್‌ಎಸಿಡಿ ಪದರವನ್ನು ಕಂಪ್ಯೂಟರಿನ ಮಾಮೂಲಿ ಡ್ರೈವ್ ಓದೋದಿಲ್ಲ, ಖಾಲಿ ಎಸ್‌ಎಸಿಡಿ ಅಂತ ಅಂಗಡಿಯಲ್ಲಿ ಸಿಗೋದೂ ಇಲ್ಲ. "ನಾನೇ ಕಾಪಿ ಮಾಡಿದ ಎಸ್‌ಎಸಿಡಿ" ಅಂತ ಯಾರಾದರೂ ಅಂದರೆ ಫೋನ್ ಇಡಿ. ಮುಂಚೆಯೇ ಪೂರ್ತಿ ದುಡ್ಡು ಹಾಕಬೇಡಿ, ನನ್ನ ಹಾಗೆ.

ಇನ್ನೊಂದು ಮಾತು, ಇದೇ ಜಾಸ್ತಿ ಚುಚ್ಚುತ್ತಿರೋದು. ಡಿಸ್ಕ್ ಬಂದ ದಿನವೇ, ಇನ್ನೂ ಕೇಳೋ ಮುಂಚೆ, ಆಫೀಸಿನ ಗೆಳೆಯನಿಗೆ ಇವನ ನಂಬರ್ ಕೊಟ್ಟಿದ್ದೆ. ಅವನು ಮೂರು ತರಿಸಿಕೊಂಡಿದ್ದಾನೆ. ಅವನಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿ ಅವನೇ ಫೋನ್ ಮಾಡುತ್ತಾನೆ ಅಂತ ಕಾಯ್ತಿದ್ದೇನೆ.