ವಾಟರ್ ಕಲರೋ, ಅಕ್ರಿಲಿಕ್ಕೋ: ಮೊದಲು ಯಾವುದು?

ಚಿತ್ರ ಬಿಡಿಸಲು ಶುರು ಮಾಡಿದವರು ಅಂಗಡಿಯಲ್ಲಿ ತಡವರಿಸುವುದು ಇಲ್ಲೇ, ಅಲ್ವಾ?

ಅಕ್ರಿಲಿಕ್‌ನಲ್ಲಿ ತಪ್ಪು ತಿದ್ದುವುದು ಸುಲಭ. ಒಣಗಿದ ಮೇಲೆ ಇನ್ನೊಂದು ಪದರ ಹಚ್ಚಬಹುದು, ಕಪ್ಪಿನ ಮೇಲೂ ಬಿಳಿ ಕೂರುತ್ತದೆ. ಆದರೆ ಬ್ರಷ್ ತೊಳೆಯಲು ಮರೆತರೆ ಕೂದಲು ಗಟ್ಟಿಯಾಗಿ ಹಾಳಾಗುತ್ತದೆ. ತಟ್ಟೆಯಲ್ಲಿ ಒಣಗಿದ ಬಣ್ಣ ನೀರು ಹಾಕಿದರೂ ಕರಗಲ್ಲ.

ವಾಟರ್ ಕಲರ್‌ನಲ್ಲಿ ಬಿಳಿ ಅಂದರೆ ಕಾಗದವೇ. ಮೋಡ, ಸುಣ್ಣದ ಗೋಡೆ, ಕಣ್ಣಿನ ಹೊಳಪು ಎಲ್ಲಿ ಬರಬೇಕು ಅಂತ ಮೊದಲೇ ಯೋಚಿಸಿ ಖಾಲಿ ಬಿಡಬೇಕು. ತಿಳಿ ಬಣ್ಣದಿಂದ ಗಾಢಕ್ಕೆ ಹೋಗಬೇಕು. ಒಣಗಿದಾಗ ಬಣ್ಣ ತಿಳಿಯಾಗುತ್ತದೆ, ಹಾಗಾಗಿ ಒಂಚೂರು ಗಾಢವಾಗಿಯೇ ಹಚ್ಚಿ. ನಾನು ಮೊದಲು ತೆಳು ಡ್ರಾಯಿಂಗ್ ಹಾಳೆಯಲ್ಲಿ ಹಚ್ಚಿದ್ದೆ. ಹಾಳೆ ಹಪ್ಪಳದ ಹಾಗೆ ಉಬ್ಬಿತು, ನನಗಿದು ಬರಲ್ಲ ಅಂತ ತಿಂಗಳುಗಟ್ಟಲೆ ಬಿಟ್ಟೇಬಿಟ್ಟೆ. ತಪ್ಪು ಕಾಗದದ್ದು. 300 ಜಿಎಸ್‌ಎಂ (ಒಂದು ಚದರ ಮೀಟರ್‌ಗೆ 300 ಗ್ರಾಂ ತೂಗುವ) ದಪ್ಪ ಹಾಳೆ ಕೊಳ್ಳಿ, ಬಣ್ಣದ ಡಬ್ಬಿ ಚಿಕ್ಕದಾದರೂ ಪರವಾಗಿಲ್ಲ.

ದೊಡ್ಡ ಕ್ಯಾನ್ವಾಸ್ ಮನಸ್ಸಿನಲ್ಲಿದ್ದರೆ ಅಕ್ರಿಲಿಕ್. ದಿನಾ ಅರ್ಧ ಗಂಟೆ ಲಾಲ್‌ಬಾಗ್‌ನಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಕೂತು ಕಣ್ಣೆದುರು ಇದ್ದದ್ದನ್ನು ಬಿಡಿಸುವ ಆಸೆಯಿದ್ದರೆ ವಾಟರ್ ಕಲರ್. ಪುಟ್ಟ ಡಬ್ಬಿ, ಒಂದು ಬ್ರಷ್, ನೀರಿನ ಬಾಟಲಿ ಸಾಕು. ಕಣ್ಣು ಪಳಗಬೇಕು ಅನ್ನುವವರಿಗೆ ನಾನು ಹೇಳೋದು ಇದನ್ನೇ.