ತರಬೇತಿ, ಆನ್‌ಲೈನ್ ಉಪನ್ಯಾಸ, ಹಿರಿಯರ ಒಡನಾಟ: ಪಶುವೈದ್ಯರಿಗೆ ಯಾವುದು?

ಮಳವಳ್ಳಿ ಕಡೆಯ ಕಿರಿಯ ಪಶುವೈದ್ಯರೊಬ್ಬರು, ಕಲಿಕೆಯನ್ನು ಮುಂದುವರಿಸಲು ಹೆಬ್ಬಾಳ ಅಥವಾ ಹಾಸನದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಅಲ್ಪಾವಧಿ ತರಬೇತಿ ಪಡೆಯುವುದೋ, ಆನ್‌ಲೈನ್ ಉಪನ್ಯಾಸ ಕೇಳುವುದೋ, ಹಿರಿಯರೊಬ್ಬರ ಜೊತೆ ಓಡಾಡುವುದೋ ಎಂದು ಕೇಳಿದ್ದಾರೆ.

ಖರ್ಚೆಂದರೆ ಶುಲ್ಕವಷ್ಟೇ ಅಲ್ಲ. ಊರು ಬಿಟ್ಟ ದಿನಗಳಲ್ಲಿ ದನಗಳನ್ನು ನೋಡುವವರು ಯಾರು ಎಂಬುದೂ ಅದರಲ್ಲಿ ಸೇರುತ್ತದೆ. ಬದಲಿ ವೈದ್ಯರು ಸಿಗದಿದ್ದರೆ ಆನ್‌ಲೈನ್ ಕಲಿಕೆಯೇ ಅನುಕೂಲ. ಚರ್ಮಗಂಟು ರೋಗದ ನಿಯಂತ್ರಣ, ಪ್ರತಿಜೈವಿಕಗಳ (ಆಂಟಿಬಯಾಟಿಕ್) ಮಿತಬಳಕೆಯಂಥ ವಿಷಯಗಳಿಗೆ ಅದು ಸಾಕು.

ಕೈಚಳಕದ ಮಾತು ಬೇರೆ. ಗರ್ಭಕೋಶ ತಿರುಚಿಕೊಂಡ ಹಸುವಿನಲ್ಲಿ ತಿರುವು ಬಲಕ್ಕೋ ಎಡಕ್ಕೋ ಎಂಬುದು ಒಳಗಿಟ್ಟ ಬೆರಳಿಗೇ ತಿಳಿಯಬೇಕು. ಹಸುವನ್ನು ತಿರುವಿನ ದಿಕ್ಕಿಗೇ ಉರುಳಿಸಬೇಕು, ತಪ್ಪಿದರೆ ತಿರುಚು ಇನ್ನೂ ಬಿಗಿಯುತ್ತದೆ. ಇದನ್ನು ಪರದೆ ಕಲಿಸಲಾರದು. ಸ್ಕ್ಯಾನಿಂಗ್, ಶಸ್ತ್ರಚಿಕಿತ್ಸೆಗಳನ್ನು ಕಲಿಯಬೇಕೆನ್ನುವವರಿಗೆ ತರಬೇತಿಯೇ ಸರಿ, ಆದರೆ ಪ್ರತಿಯೊಬ್ಬರ ಕೈಗೂ ಪ್ರಾಣಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿರಿ.

ನಡುರಾತ್ರಿ ಕೊಟ್ಟಿಗೆಯಲ್ಲಿ ದಿಕ್ಕು ತೋಚದಾಗ ನೆರವಾಗುವುದು ಹಿರಿಯರ ಫೋನು. ಹೊಸದಾಗಿ ವೃತ್ತಿಗೆ ಇಳಿದವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಹಿರಿಯರ ಹಳೆಯ ಔಷಧ ರೂಢಿಗಳನ್ನು ಈಚಿನ ಪಠ್ಯದೊಡನೆ ತಾಳೆ ನೋಡಬೇಕಾಗುತ್ತದೆ.