ಬೆರಿಂಜರ್ ಯುಸಿಎ222: ಕಂಪ್ಯೂಟರ್ ಮತ್ತು ಆಂಪ್ಲಿಫೈಯರ್ ನಡುವಿನ ಕೆಂಪು ಡಬ್ಬಿ

ಯುಸಿಎ222 ಅಂಗೈಯಲ್ಲಿ ಹಿಡಿಸುವ ಕೆಂಪು ಪ್ಲಾಸ್ಟಿಕ್ ಡಬ್ಬಿ; ಕಂಪ್ಯೂಟರಿನ ಸದ್ದನ್ನು ಯುಎಸ್‌ಬಿಯಿಂದ ಪಡೆದು ಆಂಪ್ಲಿಫೈಯರ್‌ಗೆ ಕೊಡುವ ಹೊರಗಿನ ಸೌಂಡ್ ಕಾರ್ಡ್. ಡಬ್ಬಿಗೇ ಸೇರಿಕೊಂಡ ಯುಎಸ್‌ಬಿ ಕೇಬಲ್, ಒಳಕ್ಕೆ ಎರಡು ಆರ್‌ಸಿಎ (ಟಿವಿ, ಡಿವಿಡಿ ಪ್ಲೇಯರ್‌ಗಳಲ್ಲಿರುವ ಕೆಂಪು-ಬಿಳಿ ದುಂಡು ಜ್ಯಾಕ್), ಹೊರಕ್ಕೆ ಎರಡು ಆರ್‌ಸಿಎ, ಒಂದು ಆಪ್ಟಿಕಲ್ ಔಟ್, ವಾಲ್ಯೂಮ್ ಗುಂಡಿ ಇರುವ ಹೆಡ್‌ಫೋನ್ ಜ್ಯಾಕ್, ಇಷ್ಟೇ. ಇದರ ಹಿಂದಿನ ಮಾದರಿ ಯುಸಿಎ202 ಬೆಳ್ಳಿ ಬಣ್ಣದ್ದು, ಮಾಡುವ ಕೆಲಸ ಅದೇ. ಸೆಕೆಂಡ್ ಹ್ಯಾಂಡ್‌ನಲ್ಲಿ ಅದು ಸಿಕ್ಕರೂ ಧೈರ್ಯವಾಗಿ ತೆಗೆದುಕೊಳ್ಳಬಹುದು.

ಡಿಜಿಟಲ್ ಸದ್ದಿನ ಗುಣಮಟ್ಟ 16 ಬಿಟ್, ಗರಿಷ್ಠ 48 ಕಿಲೋಹರ್ಟ್ಸ್ ಎಂಬ ವಿವರ ಓದಿ, ಕಡಿಮೆಯಾಯಿತೆಂದು ಬಹಳ ಜನ ಇದನ್ನು ಬದಿಗಿಡುತ್ತಾರೆ. ಸಿಡಿಯೇ 16 ಬಿಟ್, 44.1 ಕಿಲೋಹರ್ಟ್ಸ್. ಮನೆಯ ಕೋಣೆಯಲ್ಲಿ, ಮಧ್ಯಮ ದರ್ಜೆಯ ಸ್ಪೀಕರ್‌ನಲ್ಲಿ ಆ ಅಂಕಿಗಳು ಕೊರತೆಯಾಗುವುದಿಲ್ಲ. ಕಂಪ್ಯೂಟರನ್ನು ಆಂಪ್ಲಿಫೈಯರ್‌ಗೆ ಜೋಡಿಸಿದಾಗ ನಿಜಕ್ಕೂ ಕಾಟ ಕೊಡುವುದು ಅರ್ಥಿಂಗ್. ಡಬ್ಬಿಯನ್ನು ಅಳೆಯಬೇಕಾದದ್ದೂ ಅದೇ ಕಡೆಯಿಂದ.

ಡೆಸ್ಕ್‌ಟಾಪ್‌ನ ಪವರ್ ಸಪ್ಲೈ ಮೂರು ಪಿನ್ನಿನದು. ಆಂಪ್ಲಿಫೈಯರ್‌ಗೂ ಮೂರನೇ ಪಿನ್ ಇದ್ದರೆ, ಅಥವಾ ಅದಕ್ಕೆ ಸೆಟ್‌ಟಾಪ್ ಬಾಕ್ಸ್ ಮೂಲಕ ಕೇಬಲ್ ಟಿವಿಯ ವೈರ್ ಬಂದು ಸೇರಿದ್ದರೆ, ಅರ್ಥ್‌ಗೆ ಎರಡು ದಾರಿಗಳಾಗುತ್ತವೆ. ಆ ಎರಡರ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸದಿಂದ ಆರ್‌ಸಿಎ ಕೇಬಲ್‌ನ ಶೀಲ್ಡ್ (ಹೊರಸುತ್ತಿನ ತಂತಿ) ಮೇಲೆ ಕರೆಂಟ್ ಹರಿಯುತ್ತದೆ. ಸ್ಪೀಕರ್‌ನಲ್ಲಿ 50 ಹರ್ಟ್ಸ್‌ನ ಗುಂಯ್ ಸದ್ದು, ಜೊತೆಗೆ ಮೌಸ್ ಆಡಿಸಿದಾಗ, ಪುಟ ಸರಿಸಿದಾಗ ಸಣ್ಣಗೆ ಕೀರಲು. ಎಷ್ಟು ದುಬಾರಿ ಡ್ಯಾಕ್ (ಡಿಜಿಟಲ್ ಸದ್ದನ್ನು ಅನಲಾಗ್ ಮಾಡುವ ಇಂಥದೇ ಸಾಧನ) ತಂದರೂ ಅದು ಯುಎಸ್‌ಬಿಯಿಂದಲೇ ಕರೆಂಟ್ ಪಡೆದು ಆರ್‌ಸಿಎಯಲ್ಲಿ ಹೊರಬಿಡುವಂಥದ್ದಾದರೆ ಈ ಸದ್ದು ಅಲ್ಲೇ ಇರುತ್ತದೆ. ಯುಸಿಎ222ರ ಆರ್‌ಸಿಎ ಔಟ್ ಕೂಡ ಇದಕ್ಕೆ ಹೊರತಲ್ಲ.

ಪರೀಕ್ಷೆ ಸುಲಭ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಗುಂಯ್ ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಆ ಎರಡು ಅರ್ಥ್ ದಾರಿಗಳ ಸುತ್ತು. ಡೆಸ್ಕ್‌ಟಾಪ್ ಆದರೆ ಟಿವಿ ಕೇಬಲ್‌ನ ವೈರ್ ಬಿಚ್ಚಿ ನೋಡಿ. ಕಂಪ್ಯೂಟರನ್ನೂ ಆಂಪ್ಲಿಫೈಯರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿದರೆ ಅರ್ಧ ಸಲ ಅಲ್ಲಿಗೇ ಮುಗಿಯುತ್ತದೆ. ಪ್ಲಗ್‌ನ ಅರ್ಥ್ ಪಿನ್ ಮುರಿಯುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಒಳಗೆ ವೈರ್ ಸಡಿಲವಾದ ದಿನ ಆಂಪ್ಲಿಫೈಯರ್‌ನ ಲೋಹದ ಮೈಗೆ 230 ವೋಲ್ಟ್ ಬರುತ್ತದೆ.

ಈ ಡಬ್ಬಿಯ ಬೆಲೆ ಗೊತ್ತಾಗುವುದು ಅದರ ಆಪ್ಟಿಕಲ್ ಔಟ್‌ನಲ್ಲಿ. ಅದಕ್ಕೆ ಹಾಕುವ ಟಾಸ್‌ಲಿಂಕ್ ಕೇಬಲ್‌ನಲ್ಲಿ ಹೋಗುವುದು ಬೆಳಕು. ಅದರಲ್ಲಿ ತಾಮ್ರವಿಲ್ಲ, ಆದ್ದರಿಂದ ಅರ್ಥ್ ದಾರಿಯೇ ಇಲ್ಲ, ಲೂಪ್ ಕಡಿದುಹೋಗುತ್ತದೆ. ಹೋಮ್ ಥಿಯೇಟರ್ ರಿಸೀವರ್‌ಗಳಲ್ಲಿ, ಹಳೆಯವುಗಳಲ್ಲೂ, ಸಾಮಾನ್ಯವಾಗಿ ಆಪ್ಟಿಕಲ್ ಇನ್ ಇರುತ್ತದೆ. ಕೇಬಲ್ 5 ಮೀಟರ್ ಒಳಗಿರಲಿ, ಮೂಲೆಯಲ್ಲಿ ಮಡಚಬೇಡಿ, ಎರಡೂ ತುದಿಯ ಸಣ್ಣ ಪ್ಲಾಸ್ಟಿಕ್ ಮುಚ್ಚಳ ತೆಗೆಯಲು ಮರೆಯಬೇಡಿ. ಸದ್ದು ಬರುತ್ತಿಲ್ಲ ಎಂಬ ದೂರಿಗೆ ಎಷ್ಟೋ ಸಲ ಆ ಮುಚ್ಚಳವೇ ಕಾರಣ. 5.1 (ಆರು ಸ್ಪೀಕರ್‌ನ ಸರೌಂಡ್) ಬೇಕಾದವರಿಗೆ ಈ ದಾರಿ ಆಗುವುದಿಲ್ಲ; ಇದು ಸ್ಟೀರಿಯೋ ಸಾಧನ. ಅವರು ಕಂಪ್ಯೂಟರಿನ ಎಚ್‌ಡಿಎಂಐಯನ್ನೇ ರಿಸೀವರ್‌ಗೆ ಕೊಡಬೇಕು.

ಆಂಪ್ಲಿಫೈಯರ್‌ನಲ್ಲಿ ಆಪ್ಟಿಕಲ್ ಇಲ್ಲದೆ ಆಕ್ಸ್ (ಸಾಮಾನ್ಯ ಅನಲಾಗ್ ಇನ್) ಮಾತ್ರ ಇದ್ದರೆ? ಆಗ ಎರಡು ಉಪಾಯ. ಆರ್‌ಸಿಎ ಔಟ್‌ಗೂ ಆಕ್ಸ್‌ಗೂ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕುವುದು ಒಂದು. ಅಗ್ಗದ ಐಸೊಲೇಟರ್‌ನಲ್ಲಿ ಟ್ರಾನ್ಸ್‌ಫಾರ್ಮರ್‌ನ ಕೋರ್ (ಸುರುಳಿಯೊಳಗಿನ ತಿರುಳು) ಚಿಕ್ಕದು, ಅದು ತಗ್ಗಿನ ಸ್ವರಗಳಲ್ಲಿ ಬೇಗ ತುಂಬಿಹೋಗುವುದರಿಂದ ಬಾಸ್ ತೆಳ್ಳಗಾಗುತ್ತದೆ. ಮೃದಂಗದ ಎಡಗಡೆಯ ನಾದದಲ್ಲಿ ಇದು ತಕ್ಷಣ ಗೊತ್ತಾಗುತ್ತದೆ. ಇನ್ನೊಂದು, ಕಂಪ್ಯೂಟರ್ ಮತ್ತು ಡಬ್ಬಿಯ ನಡುವೆ ಎಡಿಯುಎಂ3160 ಅಥವಾ 4160 ಚಿಪ್ಪಿನ ಯುಎಸ್‌ಬಿ ಐಸೊಲೇಟರ್; ಇದು ಅರ್ಥ್ ದಾರಿ ಕಡಿದು ಡೇಟಾವನ್ನು ದಾಟಿಸುತ್ತದೆ. ಈ ಚಿಪ್ಪುಗಳ ವೇಗ ಸೆಕೆಂಡಿಗೆ 12 ಮೆಗಾಬಿಟ್. ಹೈ ಸ್ಪೀಡ್ ಯುಎಸ್‌ಬಿ ಬೇಡುವ ಹೊಸ ಡ್ಯಾಕ್‌ಗಳು ಇದರ ಹಿಂದೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಯುಸಿಎ222 ಹಳೆಯ ಯುಎಸ್‌ಬಿ 1.1ರದು, ಆದ್ದರಿಂದ ಸಲೀಸಾಗಿ ಓಡುತ್ತದೆ. ಐಸೊಲೇಟರ್‌ನಲ್ಲಿ ಸ್ಪೀಡ್ ಸ್ವಿಚ್ ಇದ್ದರೆ ಫುಲ್ ಸ್ಪೀಡ್ (ಅದೇ 12 ಮೆಗಾಬಿಟ್) ಕಡೆಗಿರಲಿ. ಹಳೆಯದಾಗಿರುವುದೇ ಅನುಕೂಲವಾಗುವ ಅಪರೂಪದ ಜಾಗ ಇದು, ಬಾಸ್ ಕೂಡ ಕಳೆದುಹೋಗುವುದಿಲ್ಲ. ನನ್ನ ಆಯ್ಕೆ ಇದೇ.

ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಜ್ಯಾಕ್‌ನಿಂದ 3.5 ಎಂಎಂ–ಆರ್‌ಸಿಎ ಕೇಬಲ್ ಎಳೆದರೆ ಸಾಲದೇ ಎಂದು ಕೇಳಬಹುದು. ಗುಂಯ್ ಇಲ್ಲ, ಹಿಸ್ ಇಲ್ಲ ಎಂದರೆ ಸಾಕು, ಏನೂ ಕೊಳ್ಳಬೇಡಿ. ಜ್ಯಾಕ್ ಸವೆದು ಒಂದು ಕಡೆಯ ಸದ್ದು ಹೋಗಿ ಬಂದು ಮಾಡುತ್ತಿದ್ದರೆ, ಅಥವಾ ವಾಲ್ಯೂಮ್ ಪೂರ್ತಿ ಏರಿಸಿದಾಗ ಸದ್ದು ಒಡೆಯುತ್ತಿದ್ದರೆ ಡಬ್ಬಿಗೆ ಕೆಲಸವಿದೆ. ಇದರ ಆರ್‌ಸಿಎ ಔಟ್ ಗರಿಷ್ಠ ಸುಮಾರು 1.2 ವೋಲ್ಟ್ ಕೊಡುತ್ತದೆ, ಯಾವ ಆಕ್ಸ್‌ಗೂ ಸಾಕು. ಬ್ಲೂಟೂತ್ ಹಾಡಿಗೆ ಪರವಾಗಿಲ್ಲ, ಗೇಮ್‌ಗೆ ತಡವಾಗುತ್ತದೆ.

ಜೋಡಿಸುವಾಗ ಆಂಪ್ಲಿಫೈಯರ್ ಆಫ್ ಇರಲಿ. ಡ್ರೈವರ್ ಬೇಕಿಲ್ಲ; ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ‘ಯುಎಸ್‌ಬಿ ಆಡಿಯೋ ಕೋಡೆಕ್’ ಎಂಬ ಹೆಸರಲ್ಲಿ ಕಾಣಿಸುತ್ತದೆ. ಹಾಡೇ ಹೆಚ್ಚಾದರೆ 44.1, ವಿಡಿಯೋ ಹೆಚ್ಚಾದರೆ 48 ಕಿಲೋಹರ್ಟ್ಸ್ ಆರಿಸಿ. ವಿಂಡೋಸ್‌ನ ಆಡಿಯೋ ಎನ್‌ಹಾನ್ಸ್‌ಮೆಂಟ್ ಎಲ್ಲ ಆಫ್ ಮಾಡಿ. ಕಂಪ್ಯೂಟರಿನ ವಾಲ್ಯೂಮ್ ಪೂರ್ತಿ ಇಟ್ಟು, ಹೆಚ್ಚು ಕಡಿಮೆ ಮಾಡುವುದನ್ನು ಆಂಪ್ಲಿಫೈಯರ್‌ನಲ್ಲಿ ಮಾಡಿ. ಡಬ್ಬಿಯ ಮೇಲಿನ ಗುಂಡಿ ಹೆಡ್‌ಫೋನ್‌ಗೆ ಮಾತ್ರ, ಸ್ಪೀಕರ್ ಸದ್ದಿಗೆ ಅದರ ಸಂಬಂಧವಿಲ್ಲ. ಫೋನೋ ಎಂದು ಬರೆದ ಜಾಗಕ್ಕೆ ಮಾತ್ರ ಚುಚ್ಚಬೇಡಿ: ಅದು ರೆಕಾರ್ಡ್ ಪ್ಲೇಯರ್‌ನ ಕೆಲವೇ ಮಿಲಿವೋಲ್ಟ್ ಸಿಗ್ನಲ್‌ಗೆ ಮಾಡಿದ್ದು, ಬಾಸ್ ಅನ್ನು ವಿಪರೀತ ಏರಿಸಿ ಸದ್ದನ್ನು ಒಡೆಯುತ್ತದೆ. ಸಭೆ-ಸಮಾರಂಭದ ಮೋನೋ ಪಿಎ ಆಂಪ್ಲಿಫೈಯರ್ ಆದರೆ ಎಡ ಬಲ ಎರಡನ್ನೂ ನೇರ ತಿರುಚಿ ಸೇರಿಸಬೇಡಿ, ಒಂದೊಂದಕ್ಕೂ 1 ಕಿಲೋಓಮ್ ರೆಸಿಸ್ಟರ್ ಹಾಕಿ ಆಮೇಲೆ ಸೇರಿಸಿ.

ಹಳೆಯ ಕ್ಯಾಸೆಟ್‌ಗಳ ಭಾವಗೀತೆ, ಯಕ್ಷಗಾನ ಕಂಪ್ಯೂಟರ್‌ಗೆ ಇಳಿಸುವವರಿಗೆ ಆರ್‌ಸಿಎ ಇನ್ ಒಳ್ಳೆಯ ಉಡುಗೊರೆ. ವಿಂಡೋಸ್ ಇದನ್ನು ಕೆಲವೊಮ್ಮೆ ಒಂದೇ ಚಾನೆಲ್‌ನ ಮೈಕ್ ಎಂದು ತಿಳಿಯುತ್ತದೆ. ರೆಕಾರ್ಡಿಂಗ್ ಪ್ರಾಪರ್ಟಿಯಲ್ಲಿ 2 ಚಾನೆಲ್ ಎಂದು ಬದಲಿಸದಿದ್ದರೆ ಎಲ್ಲವೂ ಮೋನೋ ಆಗಿ ಕೂರುತ್ತದೆ. ಮಾನಿಟರ್ ಸ್ವಿಚ್ ಆನ್ ಇದ್ದರೆ ಹೆಡ್‌ಫೋನ್‌ನಲ್ಲಿ ಕ್ಯಾಸೆಟ್ ಕೇಳುತ್ತದೆ, ಕಂಪ್ಯೂಟರ್ ಕೇಳುವುದಿಲ್ಲ. ಕೆಲಸ ಮುಗಿದ ಮೇಲೆ ಆಫ್ ಮಾಡಿ.

ಕೊರತೆ ಎರಡು. ಹೆಡ್‌ಫೋನ್ ಔಟ್‌ನ ಇಂಪೀಡೆನ್ಸ್ (ಒಳಗಿನ ವಿದ್ಯುತ್ ತಡೆ) ಸುಮಾರು 50 ಓಮ್. 16, 32 ಓಮ್‌ನ ಇಯರ್‌ಫೋನ್‌ಗಳ ಸ್ವಭಾವವೇ ಅದರಿಂದ ಬದಲಾಗುತ್ತದೆ, ಹಾಗಾಗಿ ಹೆಡ್‌ಫೋನ್‌ಗಾಗಿ ಇದನ್ನು ಕೊಳ್ಳಬೇಡಿ. ಯುಎಸ್‌ಬಿ ಕೇಬಲ್ ಡಬ್ಬಿಗೆ ಖಾಯಂ ಸೇರಿರುವುದರಿಂದ ಬುಡದಲ್ಲಿ ವೈರ್ ಮುರಿದರೆ ಬಿಚ್ಚಿ ಬೆಸುಗೆ ಹಾಕಬೇಕು. ಕೊಂಡ ದಿನವೇ ಡಬ್ಬಿಯನ್ನು ಟೇಬಲ್‌ಗೆ ಡಬಲ್ ಸೈಡ್ ಟೇಪ್‌ನಲ್ಲಿ ಅಂಟಿಸಿ, ಕೇಬಲ್‌ನ ಬುಡ ಎಳೆಯದಂತೆ ಒಂದು ಕ್ಲಿಪ್ ಹಾಕಿಬಿಡಿ.